ಹಸಿರು ಮಣಿಸರ

ಮೊನ್ನೆ ಕಪಾಟಿನ ತಳ ಒರೆಸುವಾಗ ಹಳೆಯ ಪೌಡರ್ ಡಬ್ಬಿಯೊಂದು ಸಿಕ್ಕಿತು. ಒಳಗೆ ಹಸಿರು ಮಣಿಗಳ ಸರ. ದಪ್ಪ ಮರದ ಮಣಿಗಳು, ಬಣ್ಣ ಅರ್ಧ ಉದುರಿತ್ತು. ಕೈಗೆತ್ತಿಕೊಂಡದ್ದೇ ತಡ, ಘಾಟ್ಕೋಪರಿನ ನಮ್ಮ ಬಿಲ್ಡಿಂಗು, ಎದುರು ಮನೆಯ ಮೌಶಿ, ಅವರ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ... ಎಲ್ಲ ಒಟ್ಟಿಗೆ ಬಂದವು. ಜೊತೆಗೆ ನಾಚಿಕೆಯೂ.

ಮರಾಠಿ ರೂಢಿಯಂತೆ ಎಲ್ಲರೂ ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರೂ ಅವರು ಧಾರವಾಡದ ಕಡೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಿಲ್ಡಿಂಗಿನ ಹೆಂಗಸರ ಬ್ಲೌಸುಗಳನ್ನೆಲ್ಲ ಅವರೇ ಹೊಲಿಯುತ್ತಿದ್ದರು. ಎಂಬತ್ತರ ದಶಕದ ಆ ದಿನಗಳಲ್ಲಿ ಶಾಲೆ ಬಿಟ್ಟೊಡನೆ ನಾನು ಅಲ್ಲಿ ಹಾಜರು. ನನಗೆ ಹುಕ್ ಹಚ್ಚಲು ಕಲಿಸಿದವರೂ ಅವರೇ. ಒಂದು ಮಧ್ಯಾಹ್ನ ಈ ಸರವನ್ನು ನನಗೇ ಕೊಟ್ಟು, ಕೊರಳಿಗೆ ಹಾಕಿ ಅದರ ಕತೆ ಹೇಳಿದರು. ಹಿಂದೆ ಗಂಡ ಹಾಸಿಗೆ ಹಿಡಿದಿದ್ದಾಗ, ಮನೆ ನಡೆಯಲೆಂದು, ಹಿಪ್ಪಿಗಳ ಕುರಿತ ಸಿನಿಮಾವೊಂದರ ಗುಂಪಿನ ದೃಶ್ಯದಲ್ಲಿ ಎರಡು ದಿನ ನಿಂತಿದ್ದರಂತೆ. ತಲೆಗೆ ವಿಗ್ಗು, ಕೊರಳಿಗೆ ಈ ಸರ, ಕೈಗೊಂದು ಖಾಲಿ ಗಾಂಜಾ ಚಿಲುಮೆ.

"ಯಾರ ಮುಂದೂ ಬಾಯಿ ಬಿಡಬ್ಯಾಡವಾ. ಮಂದಿಗೆ ಏನ್ ತಿಳೀತದ," ಎಂದರು. ನಾನು ದೇವರಾಣೆ ಹಾಕಿದೆ.

ಆ ವರ್ಷ ಸತ್ಯನಾರಾಯಣ ಪೂಜೆಯ ಸಂಜೆ ಬಿಲ್ಡಿಂಗಿನ ಸೊಸೈಟಿಯವರು ಅಂಗಳದಲ್ಲಿ ಬಾಡಿಗೆಯ ವಿಸಿಆರ್ ಇಟ್ಟು ಹಳೆಯ ಸಿನಿಮಾ ಹಾಕಿಸಿದ್ದರು. ಹೊಗೆ, ಗಿಟಾರು, ಜಡೆಗಟ್ಟಿದ ಕೂದಲಿನ ಹುಡುಗರು... ಹಾಡಿನ ನಡುವೆ ಹಸಿರು ಸರ ಕಂಡಿತು.

"ಅರೇ, ಅಲ್ನೋಡಿ, ನಮ್ಮ ಮೌಶಿ! ಚಿಲುಮೆ ಹಿಡ್ಕೊಂಡಿರೋರು!" ಎಂದು ಕೂಗಿಬಿಟ್ಟೆ.

ಯಾರೂ ನಂಬಲಿಲ್ಲ. ಸುಳ್ಳಿ ಎಂದು ನಕ್ಕರು. ನನಗೋ ಹಟ. ಎರಡು ಮಹಡಿ ಓಡಿ ಹತ್ತಿ, ಸರ ತಂದು ಎಲ್ಲರೆದುರು ಎತ್ತಿ ಹಿಡಿದೆ. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಪ್ರಸಾದ ಹಂಚುತ್ತಿದ್ದ ಮೌಶಿ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಮೆಟ್ಟಿಲು ಹತ್ತಿ ಹೋದರು.

ಮರುದಿನದಿಂದಲೇ ಬ್ಲೌಸುಗಳು ವಾಪಸ್ಸಾದವು. ಅರ್ಧ ಹೊಲಿದವನ್ನೂ ಜನ ಬಿಡಲಿಲ್ಲ. "ಇನ್ನು ಆ ಕಡೆ ತಲೆ ಹಾಕ್ಬೇಡ ಕಣೇ," ಎಂದಳು ಅಮ್ಮ. ಹಾಕಲಿಲ್ಲ. ನಿಜ ಹೇಳಬೇಕೆಂದರೆ, ಅವರ ಮುಖ ನೋಡುವುದು ತಪ್ಪಿತಲ್ಲ ಎಂದು ನನಗೆ ಸಮಾಧಾನವೇ ಆಗಿತ್ತು. ಇಷ್ಟು ವರ್ಷವಾದರೂ ನನಗೆ ಅಸಹ್ಯವಾಗುವುದು ಆ ಸಮಾಧಾನವನ್ನು ನೆನೆದಾಗಲೇ.

ಎರಡು ತಿಂಗಳಲ್ಲಿ ಮೌಶಿ ಮನೆ ಖಾಲಿ ಮಾಡಿ ಮಲಾಡಿಗೆ ಹೊರಟರು. ಬಾಗಿಲಲ್ಲಿ ನಿಂತು ಸರ ಚಾಚಿದೆ. "ನಿನ್ನ ಹತ್ರನ ಇರ್ಲಿ ತಗೋ," ಎಂದರು, ಸಿಟ್ಟಿಲ್ಲದೆ. ತಪ್ಪಾಯಿತು ಎನ್ನದೆ ಸರ ಹಿಡಿದು ನಮ್ಮ ಮನೆಯೊಳಗೆ ಓಡಿದೆ. ವಿಳಾಸವನ್ನೂ ಕೇಳಲಿಲ್ಲ. ಈಗ ಇದ್ದಾರೋ ಇಲ್ಲವೋ...

ನಿನ್ನೆ ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕಿತು. ಹಾಡು ಬಂದಾಗ ನಿಲ್ಲಿಸಿ, ಹಿಂದೆ ಸರಿಸಿ, ಮತ್ತೆ ಮತ್ತೆ ನೋಡಿದೆ. ಮೌಶಿ ಕ್ಯಾಮೆರಾ ಕಡೆ ತಿರುಗಿಯೇ ಇಲ್ಲ. ವಿಗ್ಗಿನ ಕೂದಲನ್ನು ಕೆನ್ನೆಯ ಮೇಲೆಳೆದುಕೊಂಡು ಹಾಡು ಮುಗಿಯುವವರೆಗೂ ಮುಖ ಮುಚ್ಚಿಕೊಂಡೇ ನಿಂತಿದ್ದಾರೆ. ಕಾಣುವುದು ಸರ ಮಾತ್ರ.

ಅವರು ಚೆನ್ನಾಗಿಯೇ ಬಚ್ಚಿಟ್ಟುಕೊಂಡಿದ್ದರು. ಹಿಡಿದುಕೊಟ್ಟವಳು ನಾನು.