ತಿಕೋಟಾದ ಗಾಳಿಯಲ್ಲಿ ಸ್ಲ್ಯಾಬ್ ಹಾಕಿದ ದಿನ

ಕಾಂಕ್ರೀಟಿನ ಮೇಲಿನ ನೀರು ನನ್ನ ಕಣ್ಣೆದುರೇ ಆರಿಹೋಯಿತು. ಕುಂದಾಪುರದಲ್ಲಿ ಸ್ಲ್ಯಾಬ್ ಹಾಕುವಾಗ ನಾವು ಮಳೆಗೆ ಹೆದರಿ ತಾಡಪತ್ರಿ ಹಿಡಿದು ನಿಲ್ಲುತ್ತಿದ್ದೆವು. ಎಂಜಿನಿಯರಾಗಿ ವಿಜಯಪುರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ, ತಿಕೋಟಾದ ಮನೆಯೊಂದರ ಮೇಲೆ ನಿಂತು, ಮೋಡವೇ ಇಲ್ಲದ ಆಕಾಶಕ್ಕೆ ಹೆದರಿದೆ.

ಮನೆ ದ್ರಾಕ್ಷಿ ಬೆಳೆಯುವ ಶಾಂತವ್ವನವರದು. ನಸುಕಿನಲ್ಲೇ ಶುರುಮಾಡಿ ಬಿಸಿಲೇರುವ ಮೊದಲು ಮುಗಿಸುವುದೆಂದು ನಿಗದಿಯಾಗಿತ್ತು. ನಡುವೆ ಮಿಕ್ಸರ್ ಕೆಟ್ಟಿತು. ಅದು ಮತ್ತೆ ತಿರುಗುವಷ್ಟರಲ್ಲಿ ಬಿಸಿಲಿನ ಜೊತೆ ಗಾಳಿಯೂ ಎದ್ದಿತ್ತು. ಅರ್ಧಕ್ಕೆ ಬಿಡುವಂತಿರಲಿಲ್ಲ.

ಗೌಂಡಿ ಸಿದ್ರಾಮಪ್ಪ ಕೊಡ ಎತ್ತಿದರು. ನಮ್ಮ ಕಡೆ ಮೇಸ್ತ್ರಿ ಎನ್ನುವವರನ್ನು ಇಲ್ಲಿ ಗೌಂಡಿ ಎನ್ನುತ್ತಾರೆ.

"ಮಾಲು ಬಿಗಿ ಆಗಾಕತ್ತೈತ್ರಿ ಮೇಡಂ. ಒಂದೀಟು ನೀರು ಬಿಡ್ತೇನಿ."

"ಬೇಡ. ಈಗ ನೀರು ಬಿಟ್ಟರೆ ಸ್ಲ್ಯಾಬ್ ಬಲ ಕಳೆದುಕೊಳ್ಳುತ್ತದೆ. ಬೇಗ ಹಾಕಿ ಮುಗಿಸಿ."

ಮುಗಿಸಿದರು. ಆಗಲೇ ಪಡುವಣ ಅಂಚಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡತೊಡಗಿದವು. ಮೇಲೆ ಬಂದ ಶಾಂತವ್ವ ಬಿರುಕು ಕಂಡು ಕೂಗಿದರು.

"ಯವ್ವಾ! ಇನ್ನೂ ಹಸಿ ಐತಿ, ಈಗ ಸೀಳಾಕತ್ತೈತಲ್ರಿ! ಒಡದ ಹಾಕ್ಬೇಕೇನ್ರಿ?"

"ಗಟ್ಟಿಯಾಗುವ ಮೊದಲು ಮುಚ್ಚಬಹುದು. ಆದರೆ ಈ ಗಾಳಿ ತಡೆಯಬೇಕು. ನಿಮ್ಮ ಮಣೂಕ ಶೆಡ್ಡಿನ ನೆಟ್ ಕೊಡ್ತೀರಾ?"

ಮಣೂಕವೆಂದರೆ ಒಣದ್ರಾಕ್ಷಿ. ನೆಟ್ ಬಿಚ್ಚಿದರೆ ಒಳಗೆ ಒಣಗುತ್ತಿದ್ದ ಹಣ್ಣಿಗೆ ನೇರ ಬಿಸಿಲು ತಾಗಿ ಬಣ್ಣ ಕೆಡುತ್ತದೆ. ಶಾಂತವ್ವ ಒಂದು ಗಳಿಗೆ ಶೆಡ್ಡಿನ ಕಡೆ ನೋಡಿದರು.

"ಬಿಚ್ಚ್ರಲೇ ಅದನ್ನ!"

ಗಾಳಿ ಬರುವ ಕಡೆ ಕಂಬ ನಿಲ್ಲಿಸಿ ನೆಟ್ ಕಟ್ಟಿದೆವು. ಸಿದ್ರಾಮಪ್ಪ ಮೊಣಕಾಲೂರಿ ಬಿರುಕುಗಳನ್ನು ಮರದ ಹಲಗೆಯಿಂದ ಒತ್ತಿ ಒತ್ತಿ ತಿಕ್ಕಿದರು. ಅವರು ತಿಕ್ಕಿ ಮುಂದೆ ಸರಿದಂತೆ ನಾನು ಹಿಂದಿನಿಂದ ಪ್ಲಾಸ್ಟಿಕ್ ಹಾಳೆ ಹಾಸಿದೆ, ಗಾಳಿಗೆ ಏಳದಂತೆ ಇಟ್ಟಂಗಿ ಹೇರಿದೆ. ಮೇಲ್ಮೈ ಗಟ್ಟಿಯಾದ ಮೇಲೆ ಹಸಿ ಗೋಣಿ ಹೊದಿಸಿದೆವು.

ಸಂಜೆ ಗೋಣಿಯ ಮೂಲೆ ಎತ್ತಿದೆ. ಬಿರುಕು ಕೂಡಿಕೊಂಡಿತ್ತು. ಹೊಸದು ಒಂದೂ ಇರಲಿಲ್ಲ.

ಶಾಂತವ್ವ ನನ್ನ ಬೊಗಸೆಗೆ ಮಣೂಕ ಸುರಿದರು. "ತಿನ್ರಿ. ಕರ್ರಗಾಗ್ಯಾವ ಖರೆ, ಸಿಹಿ ಏನೂ ಕಡಿಮಿ ಆಗಿಲ್ಲ."

ಅದನ್ನು ಮೆಲ್ಲುತ್ತಿದ್ದಾಗ ಅಮ್ಮನ ಫೋನು. "ಅಲ್ಲಿ ಸೆಕೆ ಜಾಸ್ತಿಯಾ ಮಗಾ?"

ಕಡಲ ಬದಿಯ ಸೆಕೆ ಬೆವರಿಸುತ್ತದೆ. ಇಲ್ಲಿಯದು ಬೆವರನ್ನೂ ಉಳಿಸದ ಬಿಸಿಗಾಳಿ. "ನಮ್ಮಲ್ಲಿ ಸೆಕೆ ಅಲ್ಲಮ್ಮ, ಝಳ," ಎಂದೆ.

ಅಮ್ಮ ಕೇಳಿದಳು, "ನಮ್ಮಲ್ಲಿ ಅಂದ್ರೆ ಎಲ್ಲಿ?"

ಅವಳ ದನಿಯ ಹಿಂದೆ ಕಡಲು ಕೇಳಿಸುತ್ತಿತ್ತು. ಕಿವಿ ಅಲ್ಲೇ ಇತ್ತು. ಕೈ ಮಾತ್ರ ಗೋಣಿ ಒಣಗಿತೇ ಎಂದು ತಡಕುತ್ತಿತ್ತು.