ಕರೆದು ಕೊಟ್ಟ ಚಹಾ

ದೊಡ್ಡವ್ವ ಬೆಳಗಿನ ನಡಿಗೆ ಶುರು ಮಾಡಿದ್ದು ಕಬ್ಬಿನ ಕಟಾವಿಗೆ ಮೊದಲೋ ಆಮೇಲೋ, ನನಗೆ ಖಾತ್ರಿಯಿಲ್ಲ. ಹೊಲ ಖಾಲಿಯಿತ್ತು ಎಂದು ನನ್ನ ನೆನಪು. ಅವ್ವ ಅಲ್ಲ ಅನ್ನುತ್ತಾಳೆ. ಅಂದು ಆಡಿದ ಮಾತುಗಳನ್ನೂ ನಾನು ತುಸು ತಿದ್ದಿಕೊಂಡಿರಬಹುದು.

ಆಗ ದೊಡ್ಡವ್ವನ ಪಾದ ಜುಮ್ಮೆನ್ನುತ್ತಿತ್ತು, ಅಷ್ಟೇ. ಗೋಕಾಕದ ಡಾಕ್ಟರು, ಸಕ್ಕರೆ ಬಿಡಿ, ದಿನಾ ನಡೆಯಿರಿ, ಮಲಗುವ ಮುಂದೆ ಕಾಲು ನೋಡಿಕೊಳ್ಳಿ ಎಂದರು. ಮನೆಯಲ್ಲಿ ಅವಳು ಸಕ್ಕರೆ ಮುಟ್ಟಲಿಲ್ಲ. ನಡಿಗೆಯನ್ನೂ ತಪ್ಪಿಸಲಿಲ್ಲ. ಆದರೂ ಪ್ರತಿ ಸಲ ರಕ್ತ ತಪಾಸಣೆ ಮಾಡಿಸಿದಾಗ ಶುಗರ್ ಏರಿರುತ್ತಿತ್ತು. ನಾನಿರುವುದು ಹುಕ್ಕೇರಿಯಲ್ಲಿ, ಅವಳ ಊರು ಮೂಡಲಗಿ ಕಡೆ. ಶುಗರ್ ಯಾಕೆ ಏರುತ್ತದೆ ಎಂದು ನೋಡಲು ಒಂದು ರವಿವಾರ ಅವಳ ಜೊತೆ ನಾನೂ ನಡೆಯಲು ಹೋದೆ.

ಊರೊಳಗಿನ ಮೊದಲ ಮನೆ ದಾಟುವುದರೊಳಗೇ ಕೂಗು ಬಂತು.

"ಏ ಯಕ್ಕಾ, ಹಂಗ ಹೊಂಟೀಯಲ್ಲ! ಬಾ, ಚಾ ಕುಡದ ಹೋಗು."

"ಬಂದ್ನಿರೀ ಯವ್ವಾ," ಎಂದು ದೊಡ್ಡವ್ವ ಆಗಲೇ ಚಪ್ಪಲಿ ಬಿಟ್ಟಿದ್ದಳು.

ನಾನು, "ಅಕಿಗೆ ಸಕ್ಕರಿ ಹಾಕಬ್ಯಾಡ್ರಿ, ಶುಗರ್ ಐತ್ರಿ," ಅಂದೆ.

ಮನೆಯಾಕೆ ನಕ್ಕಳು. "ಹೊಲದ ತುಂಬ ಕಬ್ಬ ಬೆಳದು ಸಪ್ಪನ ಚಾ ಕೊಡೂನೇನ್ರಿ ಮೇಡಮ್ಮಾರ? ನಮ್ಮ ಚಾ ನಿಮಗ ಸೇರಂಗಿಲ್ಲ ಅನ್ರಿ."

"ಸಾಲಿ ಕಲತಾಳಲ್ರಿ, ಹಂಗ ಅಂತಾಳ. ನೀವ ಹಾಕ್ರಿ," ಅಂದಳು ದೊಡ್ಡವ್ವ.

ಮುಂದಿನ ಮನೆಯಲ್ಲೂ ಹೀಗೇ. ಅದರಾಚೆಯ ಮನೆಯಲ್ಲೂ. ಹಿಂದಿರುಗುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ.

"ಇದು ವಾಕಿಂಗ್ ಏನ ದೊಡ್ಡವ್ವಾ? ಕಾಲ ಬೆರಳ ಹೋದ ಮ್ಯಾಲ ಶಾಣ್ಯಾ ಆಗ್ತಿ ಏನು?"

ಅವಳು ನಡೆಯುತ್ತಲೇ ಹೇಳಿದಳು: "ಅದ ಮನೀ ಕಟ್ಟಿ ಕೆಳಗ ನಿಂತ ಚಾ ಕುಡದೇನಿ ನಾ. ಈಗ ಒಳಗ ಕರೀತಾರ. ಒಲ್ಲೆ ಅಂದ್ರ ಇಕಿಗೆ ಸೊಕ್ಕ ಬಂತು ಅಂತಾರ. ಇಲ್ಲಾ, ಕರಿಯೂದ ಬಿಡತಾರ."

ಆ ಮನೆಗಳ ಹೊಲದಲ್ಲೇ ಅವಳು ಹರೆಯವೆಲ್ಲ ಕೂಲಿ ಮಾಡಿದ್ದು. ನಮ್ಮ ಕೇರಿಯವರಿಗೆಂದು ಬೇರೆ ಇಟ್ಟ ಕಪ್ಪಿಗೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಆ ಕಪ್ಪಿನ ಕಿವಿ ಮುರಿದಿತ್ತು ಎಂದು ನಾನು ಎಷ್ಟೋ ಕಡೆ ಹೇಳಿದ್ದೇನೆ. ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ, ಗೊತ್ತಿಲ್ಲ.

ಆಮೇಲೆ ಚಪ್ಪಲಿ ಕಚ್ಚಿತು. ಪಾದ ಮರಗಟ್ಟಿದ್ದರಿಂದ, ಹುಣ್ಣಾಗುವವರೆಗೂ ಅವಳಿಗೆ ಅದು ತಿಳಿಯಲೇ ಇಲ್ಲ.

ಈಗ ಹೆಬ್ಬೆರಳಿನ ಡ್ರೆಸ್ಸಿಂಗಿಗಾಗಿ ನಮ್ಮ ಮನೆಯಲ್ಲೇ ಇದ್ದಾಳೆ. ಗಾಯ ಒಣಗಿದರೆ ಊರಿಗೆ ಹೋಗುತ್ತಾಳೆ. ಒಣಗುತ್ತದೋ ಇಲ್ಲವೋ ಡಾಕ್ಟರು ಹೇಳುತ್ತಿಲ್ಲ. ನಾನು ಮಾಡುವ ಸಕ್ಕರೆಯಿಲ್ಲದ ಚಹಾವನ್ನು ಅವಳು ಒಂದು ಗುಟುಕು ಕುಡಿದು, "ಒಲ್ಲೆ, ತಗಿ," ಎಂದು ಸರಿಸುತ್ತಾಳೆ, ಯಾವ ಅಂಜಿಕೆಯೂ ಇಲ್ಲದೆ.

ನಿನ್ನೆ ಅವಳು ಸರಿಸಿದ ಕಪ್ಪು ಎತ್ತಿಕೊಳ್ಳುತ್ತ ಕೇಳಿದೆ: "ದೊಡ್ಡವ್ವಾ, ಊರಾಗ ಆ ಮನ್ಯಾಗೂ ಒಮ್ಮೆ ಒಲ್ಲೆ ಅಂದು, ಅವರು ಮತ್ತ ಕರೀತಾರೋ ಇಲ್ಲೋ ನೋಡೂನೇನು?"

ಅವಳು ಪಟ್ಟಿ ಕಟ್ಟಿದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.