ಗಟ್ಟಿ ಜೇನು

ನಮ್ಮ ಓಣಿಯಲ್ಲಿ ಜೇನು ಸಾಕುತ್ತಿದ್ದ ಚಾಚಿ ಹುಳಗಳಿಗೂ ಮರ್ಯಾದೆ ಕೊಟ್ಟೇ ಮಾತನಾಡುತ್ತಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆಯುವ ಮುನ್ನ ಎರಡು ಸಲ ಮೆಲ್ಲಗೆ ತಟ್ಟಿ, “ಜರಾ ಸರೀರಿ” ಎನ್ನುತ್ತಿದ್ದರು.

ಅಫಜಲಪುರದ ಜೇನು ಪ್ರದರ್ಶನಕ್ಕೆ ಅವರು ಒಯ್ದಿದ್ದ ಸೂರ್ಯಕಾಂತಿ ಜೇನು ಸೀಸೆಯಲ್ಲೇ ಹರಳುಗಟ್ಟಿತ್ತು. ಪಕ್ಕದ ಮೇಜಿನವರು ತಮ್ಮದನ್ನು ಕಾಯಿಸಿ, ತಿಳಿಯಾಗಿಸಿ ತಂದಿದ್ದರು. ನೋಡಲು ಬಂದವರು ಚಾಚಿಯ ಸೀಸೆ ಕಂಡು, “ಸಕ್ಕರಿ ಕೂಡಿಸ್ಯಾರ” ಎಂದು ಮುಂದೆ ಹೋಗುತ್ತಿದ್ದರು.

ಅವರ ಜೊತೆ ಹೋಗಿದ್ದ ನಾನು ಓಡಿಹೋಗಿ ಬಿಸಿನೀರು ತಂದೆ. “ಇದರಾಗ ಇಡ್ರಿ ಚಾಚಿ, ಕರಗತೈತಿ.”

“ಸೂರ್ಯಕಾಂತಿ ಜೇನು ಇರೂದ ಹಿಂಗ ಬೇಟಾ. ಹುಳ ಮಾಡಿದ್ದನ್ನ ನಾ ಕೆಡಸೂದಿಲ್ಲ.”

ಆ ಬಿಸಿನೀರಿನಲ್ಲಿ ಅವರು ಚಮಚ ತೊಳೆದರು. ಸೀಸೆಯನ್ನು ಮೇಜಿನ ತುದಿಗೆ ತಂದಿಟ್ಟು, ಗೊಣಗುತ್ತಾ ಹೊರಟವನೊಬ್ಬನ ಎದುರು ಚಮಚ ತುಂಬ ಜೇನು ಹಿಡಿದರು.

“ಜರಾ ನಿಂದರ್ರಿ. ಮೊದಲ ನೆಕ್ಕಿ ನೋಡ್ರಿ, ಆಮ್ಯಾಲ ಬೈಯ್ರಿ.”